ನನ್ನ ಖಾಯಂ ಐವತ್ತೆರಡು ಕಿಲೋ

ಕಿರ್ರ್... ಟಕ್.

ಸ್ಪ್ರಿಂಗ್ ಇದ್ದ ಹಳೆಯ ತೂಕದ ಮಿಷನ್ ಮೇಲೆ ಹತ್ತಿ ನಿಂತಾಗ ಬರುತ್ತಿದ್ದ ಸದ್ದು ಅದು. ಕಿರ್ರ್ ಎನ್ನುವುದು ಮಿಷನ್ನಿನ ಗೊಣಗಾಟ, ಟಕ್ ಎನ್ನುವುದು ತೀರ್ಪು. ನಡುವೆ ಮುಳ್ಳು ಅತ್ತಿತ್ತ ಓಲಾಡಿ ಯೋಚನೆ ಮಾಡುವಾಗ ನಮಗೂ ಉಸಿರು ಹಿಡಿದು ಸ್ವಲ್ಪ ಹಗುರಾಗಲು ಅವಕಾಶವಿರುತ್ತಿತ್ತು. ಈಗಿನ ಗಾಜಿನ ಮಿಷನ್ನುಗಳಿಗೆ ಆ ದಾಕ್ಷಿಣ್ಯವಿಲ್ಲ, ಕಾಲಿಟ್ಟ ಕೂಡಲೇ ದಶಮಾಂಶ ಸಹಿತ ಹೇಳಿಬಿಡುತ್ತವೆ. ಹೆಂಗಸರು ಪ್ರಾಯದ ವಿಷಯದಲ್ಲಿ ಸುಳ್ಳು ಹೇಳುತ್ತಾರೆಂದು ಗಂಡಸರು ಜೋಕ್ ಮಾಡುವುದುಂಟು. ನಾನು ಪ್ರಾಯದಲ್ಲಿ ಒಂದು ದಿನವನ್ನೂ ಬಚ್ಚಿಟ್ಟವಳಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು, ಮಾರಲ್ ಸೈನ್ಸಿನಲ್ಲಿ ಪ್ರೈಜ್ ಪಡೆದವಳು. ತೂಕದಲ್ಲಿ ಮಾತ್ರ ಸುಳ್ಳು ಹೇಳಿದೆ. ಅದೂ ಚಂದ ಕಾಣಬೇಕೆಂಬ ಆಸೆಯಿಂದಲ್ಲ. ಆಸೆಗೆ ಹೇಳಿದ ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಮರೆತೇ ಹೋಗುತ್ತಿತ್ತು.

ಈಗ ನಾನಿರುವುದು ಕುವೈತಿನ ಅಬು ಹಲೀಫಾದಲ್ಲಿ, ಮಗ ಪ್ರಶಾಂತನ ಫ್ಲಾಟಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ಕತ್ತು ಚಾಚಿದರೆ ಒಂದು ಗೇಣು ಸಮುದ್ರ ಕಾಣುತ್ತದೆ. ಸೊಸೆ ಶ್ವೇತಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಬಾತ್‌ರೂಮಿನಲ್ಲಿ ಗಾಜಿನ ಮಿಷನ್ ಹತ್ತಿ, ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಾಳೆ. ಎರಡನೆಯ ಮಗುವಾದ ಮೇಲೆ ಅವಳು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ. ಇನ್ನೊಂದು ಮಗು ಬೇಡ ಎನ್ನುವುದಕ್ಕೆ. ಇದನ್ನು ಅವಳು ನನಗೆ ಹೇಳಿದ್ದು ಚಪಾತಿ ಲಟ್ಟಿಸುತ್ತಾ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ. ಮುಂದಿನ ಇಂಜೆಕ್ಷನ್ ಯಾವಾಗ ಎನ್ನುವುದು ನನ್ನ ಮಗನ ಮೊಬೈಲಿನಲ್ಲಿ ರಿಮೈಂಡರ್ ಆಗಿ ಕೂತಿದೆ. ಫ್ಯಾಮಿಲಿ ಪ್ಲಾನಿಂಗ್ ಎಂದರೆ ಗೋಡೆಯ ಮೇಲಿನ ಕೆಂಪು ತ್ರಿಕೋನ, ಅದರ ಹತ್ತಿರ ಬಂದಾಗ ನಾವು ಹುಡುಗಿಯರು ರಸ್ತೆಯ ಆ ಬದಿ ನೋಡುತ್ತಾ ನಡೆಯಬೇಕು. ಅಂಥ ಕಾಲದವಳು ನಾನು. ಮಗನ ಮೊಬೈಲ್ ಟಿಣ್ ಎಂದಾಗ ಈಗಲೂ ಆ ಬದಿಯೇ ನೋಡುತ್ತೇನೆ.

ಶ್ವೇತಾ ಐದು ಕಿಲೋ ಏರಿದ್ದಾಳೆ. ಇಂಜೆಕ್ಷನ್ನಿನಿಂದ ಕೆಲವರಿಗೆ ಹಾಗಾಗುತ್ತದೆ, ಬೇಡವೆಂದರೆ ಬೇರೆ ವಿಧಾನ ನೋಡೋಣ ಎಂದಿದ್ದಾರಂತೆ ಡಾಕ್ಟರು. ಇವಳು ಡಾಕ್ಟರ ಹತ್ತಿರ ಹೋಗುವ ಬದಲು ಬೆಳಗಿನ ತಿಂಡಿ ಬಿಟ್ಟಳು. ಮುಂದಿನ ವಾರ ಊರಲ್ಲಿ ಅವಳ ತಮ್ಮನ ಮದುವೆ. ನಿನ್ನೆ ಉಪ್ಪಿಟ್ಟಿನ ಪ್ಲೇಟ್ ಹಿಂದಕ್ಕೆ ತಳ್ಳಿ, "ಮಾಮಿ, ನಾನು ಸೋಫಾ ಆಗ್ತಾ ಇದ್ದೇನೆ. ಎಲ್ರೂ ಫಸ್ಟ್ ಅದನ್ನೇ ಕೇಳ್ತಾರೆ," ಎಂದಳು. ಅಷ್ಟರಲ್ಲಿ ಪ್ರಶಾಂತ ಸೂಟ್‌ಕೇಸಿಗೆ ಕೈಯಗಲದ ಕೊಕ್ಕೆ ಸಿಕ್ಕಿಸಿ ಎತ್ತಿದ. ಕೊಕ್ಕೆಯೇ ತೂಕ ತೋರಿಸಿತು. ಇದೆಲ್ಲ ಇಲ್ಲದ ಕಾಲದಲ್ಲಿ ಲಗೇಜನ್ನು ಹೇಗೆ ತೂಗುತ್ತಿದ್ದಿರಿ ಎಂದು ಶ್ವೇತಾ ಕೇಳಿದಳು. ನಾನೇ ಮಿಷನ್ ಆಗಿದ್ದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೇಳಲು ಕೂತೆ.

ಮದುವೆಯಾಗಿ ಮೊದಲು ಕುವೈತಿಗೆ ಬಂದಾಗ ನಾವಿದ್ದದ್ದು ಲಿಫ್ಟ್ ಇಲ್ಲದ ಒಂದು ಮೂರು ಮಹಡಿಯ ಬಿಲ್ಡಿಂಗಿನಲ್ಲಿ. ತುಂಬಾ ನಮ್ಮ ಕಡೆಯವರೇ. ಯಾರು ರಜೆಗೆ ಹೊರಟರೂ ಬೊಂಬಾಯಿ ವಿಮಾನಕ್ಕೆ ತಲೆಗೆ ಮೂವತ್ತು ಕಿಲೋ. ಸೂಟ್‌ಕೇಸನ್ನು ಬಾತ್‌ರೂಮಿನ ತೂಕದ ಮಿಷನ್ ಮೇಲೆ ಹಾಗೇ ಇಟ್ಟರೆ ಮುಳ್ಳೇ ಮುಚ್ಚಿಹೋಗುತ್ತದೆ. ಆದ್ದರಿಂದ ಒಬ್ಬರು ಸೂಟ್‌ಕೇಸ್ ತಬ್ಬಿಕೊಂಡು ಮಿಷನ್ ಮೇಲೆ ನಿಲ್ಲಬೇಕು, ಇನ್ನೊಬ್ಬರು ನೆಲಕ್ಕೆ ಬಗ್ಗಿ ಮುಳ್ಳು ನೋಡಬೇಕು, ನಿಂತವರ ತೂಕ ಕಳೆಯಬೇಕು. ನಮ್ಮ ಮಿಷನ್ ನೂರಹತ್ತಕ್ಕೆ ನಿಲ್ಲುತ್ತಿತ್ತು. ಗಂಡಸರೆಲ್ಲ ಒಬ್ಬೊಬ್ಬರೂ ಎಂಬತ್ತೈದರ ಮೇಲಿನವರು. ಹಾಗಾಗಿ ನಿಲ್ಲುವ ಕೆಲಸ ನನಗೆ ಬಂತು. ನನ್ನ ತೂಕ ಐವತ್ತೆರಡು, ಮದುವೆಯ ದಿನವೂ ಅಷ್ಟೇ, ಪ್ರಶಾಂತ ಹುಟ್ಟಿ ವರ್ಷವಾದ ಮೇಲೂ ಅಷ್ಟೇ. ಬಗ್ಗಿ ನೋಡುವುದು, ಕಳೆಯುವುದು ನಮ್ಮವರ, ಅಂದರೆ ನನ್ನ ಗಂಡನ ಕೆಲಸ. ಅವರು ಬಿಕಾಂ. "ಸುಮತಿಯದ್ದು ಸ್ಟ್ಯಾಂಡರ್ಡ್ ವೇಯ್ಟ್, ಚೇಂಜ್ ಆಗುವ ಪ್ರಶ್ನೆಯೇ ಇಲ್ಲ," ಎಂದು ನೆರೆಯವರ ಎದುರು ಹೇಳುವಾಗ ನನ್ನನ್ನು ಅವರೇ ತಯಾರು ಮಾಡಿಸಿದ ಹಾಗೆ ಇರುತ್ತಿತ್ತು ಮುಖ. ಗುರುವಾರ ಸಂಜೆಯಾದರೆ ನಮ್ಮ ಬಾಗಿಲಲ್ಲಿ ಸೂಟ್‌ಕೇಸುಗಳ ಸಾಲು. ನಾನು ಎಷ್ಟು ಜನರ ಹಾಲಿನ ಪುಡಿ, ಸಾಬೂನು, ಕಂಬಳಿಗಳನ್ನು ತಬ್ಬಿಕೊಂಡಿದ್ದೇನೋ ಲೆಕ್ಕವಿಲ್ಲ.

ಪ್ರಶಾಂತನಿಗೆ ಎರಡಾದಾಗ ನನಗೆ ಸಬ್ಹಾನ್ ಎಂಬಲ್ಲಿನ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅಲ್ಲಿ ನನ್ನ ಇಂಗ್ಲಿಷಿಗೆ ಮರ್ಯಾದೆ ಇತ್ತು. ಮ್ಯಾನೇಜರು ಲೆಟರಿಗೆ ಸಹಿ ಹಾಕುವ ಮೊದಲು, "ಇಸ್ ಇಟ್ ಕರೆಕ್ಟ್, ಮೇಡಂ?" ಎಂದು ನನ್ನ ಮುಖ ನೋಡುತ್ತಿದ್ದರು. ಮನೆಯಲ್ಲಿ ಯಾರೂ ನನ್ನನ್ನು ಏನು ಸರಿ ಎಂದು ಕೇಳಿದ್ದು ನೆನಪಿಲ್ಲ. ಅದೇ ಸಮಯಕ್ಕೆ ಊರಿಂದ ಅತ್ತೆಯ ಕ್ಯಾಸೆಟ್ ಬಂತು. ಆಗ ಕಾಗದಕ್ಕಿಂತ ಮಾತು ತುಂಬಿದ ಕ್ಯಾಸೆಟ್ಟೇ ಹೆಚ್ಚು ಓಡಾಡುತ್ತಿತ್ತು. ಹಲಸಿನ ಹಪ್ಪಳದ ಸುದ್ದಿಯ ನಂತರ ಅತ್ತೆ, "ಪ್ರಶಾಂತನಿಗೆ ಒಂದು ತಂಗಿ ಬೇಡ್ವಾ?" ಎಂದರು. ನಮ್ಮವರು ಅದನ್ನು ರಿವೈಂಡ್ ಮಾಡಿ ಎರಡು ಸಲ ಕೇಳಿಸಿದರು. ಎರಡನೆಯದು ಬಸುರಾದರೆ ನನ್ನನ್ನೂ ಮಗುವನ್ನೂ ಊರಿಗೆ ಕಳಿಸುವುದೆಂದು ಅವರು ಆಗಲೇ ತೀರ್ಮಾನಿಸಿದ್ದರು. ಇಲ್ಲಿ ಖರ್ಚು ಜಾಸ್ತಿ, ಅಲ್ಲಿ ಅಮ್ಮ ಇದ್ದಾರೆ. ಊರಿಗೆ ಹೋದವರು ಸುಲಭಕ್ಕೆ ವಾಪಸು ಬರುವುದಿಲ್ಲ ಎಂಬುದನ್ನು ನಮ್ಮ ಬಿಲ್ಡಿಂಗಿನ ಖಾಲಿ ಫ್ಲಾಟುಗಳೇ ಹೇಳುತ್ತಿದ್ದವು. ನನಗೆ ಇನ್ನೆರಡು ವರ್ಷ ಆ ಟೈಪ್‌ರೈಟರ್ ಬೇಕಿತ್ತು.

ಒಂದು ಮಧ್ಯಾಹ್ನ ಆಫೀಸಿನ ಹತ್ತಿರದ ಫಾರ್ಮಸಿಗೆ ಹೋಗಿ, ಕಾನ್ವೆಂಟಿನ ಉಚ್ಚಾರದಲ್ಲಿ ಮೊದಲು ತಲೆನೋವಿನ ಮಾತ್ರೆ, ಆಮೇಲೆ ಕೆಮ್ಮಿನ ಸಿರಪ್, ಕೊನೆಗೆ ಬ್ಯಾಂಡೇಜ್ ಕೇಳಿದೆ. ಈಜಿಪ್ಟಿನ ಆ ಮುದುಕ ಫಾರ್ಮಸಿಸ್ಟ್ ಎಲ್ಲವನ್ನೂ ಕಟ್ಟಿಟ್ಟು, ನಿಜಕ್ಕೂ ಏನು ಬೇಕು ಮಗಳೇ ಎಂದು ಮೆಲ್ಲಗೆ ಕೇಳಿದ. ಹಾಗೆ ನನ್ನ ಮಾತ್ರೆ ಶುರುವಾಯಿತು. ಖಾಲಿ ಪೌಡರ್ ಡಬ್ಬಿಯೊಳಗೆ ಸ್ಟ್ರಿಪ್, ಹಲ್ಲುಜ್ಜಿದ ಕೂಡಲೇ ಒಂದು. ಮಾರಲ್ ಸೈನ್ಸಿನ ಸಿಸ್ಟರ್ ಕಣ್ಣೆದುರು ಬರುತ್ತಿದ್ದರು. ಬೆನ್ನು ತಿರುಗಿಸಿ ನುಂಗುತ್ತಿದ್ದೆ.

ನಾಲ್ಕು ತಿಂಗಳಲ್ಲಿ ಬಳೆ ಬಿಗಿಯಾಯಿತು, ಉಂಗುರ ತೆಗೆಯಲು ಸಾಬೂನು ಬೇಕಾಯಿತು. ಎಲ್ಲ ಮಾತ್ರೆಯದ್ದೇ ತಪ್ಪು ಎನ್ನಲಾರೆ. ಆಫೀಸಿನಲ್ಲಿ ಕೂತೇ ಕೆಲಸ, ಹಾದಿಯಲ್ಲಿ ಬಿಸಿ ಖುಬ್ಬೂಸ್ ರೊಟ್ಟಿ, ಮೇಲಿನ ಮನೆಯ ಮೈಮೂನಕ್ಕ ಕಳಿಸುತ್ತಿದ್ದ ತುಪ್ಪದ ಅಕ್ಕಿರೊಟ್ಟಿ ಪತ್ತಿರ್. ಆದರೆ ಮನಸ್ಸಿಗೆ ಒಬ್ಬ ಅಪರಾಧಿ ಬೇಕಲ್ಲ, ಪೌಡರ್ ಡಬ್ಬಿಯನ್ನೇ ಹಿಡಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಮಿಷನ್ ಹತ್ತಿದೆ. ಕಿರ್ರ್... ಟಕ್. ಐವತ್ತಾರು. ಮತ್ತೆರಡು ತಿಂಗಳಿಗೆ ಐವತ್ತೆಂಟು. ಇದನ್ನು ಹೇಳಿದರೆ ನಮ್ಮವರು ಕುಣಿದು ಕ್ಯಾಸೆಟ್ಟಿನಲ್ಲಿ ಸಿಹಿಸುದ್ದಿ ತುಂಬಿ ಕಳಿಸುವವರು. ಅಲ್ಲವೆಂದರೆ ಮತ್ಯಾಕೆ ಎಂದು ಕೇಳುವವರು. ಗುರುವಾರ ಸಂಜೆ ಸಡಿಲ ನೈಟಿ ಹಾಕಿ, ಸೂಟ್‌ಕೇಸ್ ತಬ್ಬಿಕೊಂಡು, "ಐವತ್ತೆರಡು," ಎಂದೆ.

ಮೈಮೂನಕ್ಕನ ಬಗ್ಗೆ ಹೇಳಬೇಕು. ನನಗಿಂತ ಹತ್ತು ವರ್ಷ ದೊಡ್ಡವರು, ಬ್ಯಾರಿಗಳು. ಗಂಡ ಹಮೀದ್ ಭಾಯಿ ಅರ್ದಿಯಾದ ಗೋದಾಮಿನಲ್ಲಿ ಸ್ಟೋರ್ ಕೀಪರ್. ಬಿಲ್ಡಿಂಗಿನ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದದ್ದು ಇವರೇ. ಶಾಲೆಗೆ ಹೋದದ್ದು ಎರಡೋ ಮೂರೋ ವರ್ಷ. ಅಳತೆಗಳನ್ನು ಬರೆದಿಡುತ್ತಿರಲಿಲ್ಲ, ಎಲ್ಲ ತಲೆಯಲ್ಲೇ. ನಾವು ತುಳುವಿನಲ್ಲಿ ಮಾತಾಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರವಿಕೆ ಬಿಚ್ಚಿ ಅಗಲ ಮಾಡಲು ಕೊಟ್ಟಾಗ ನನ್ನ ಸುತ್ತ ಟೇಪ್ ಹಿಡಿದು, "ವಿಶೇಷ ಉಂಟಾ?" ಎಂದು ಕೇಳಿದರು. ಇಲ್ಲವೆಂದೆ. ಮುಖ ನೋಡಿದರು. "ಹಾಗಾದ್ರೆ ಬಟ್ಟೆ ಕುಗ್ಗಿದ್ದು. ಇಲ್ಲಿಯ ನೀರೇ ಹಾಗೆ," ಎಂದು ಸುಳ್ಳನ್ನೂ ತಾವೇ ಹೊಲಿದುಕೊಟ್ಟರು.

ಈ ಲೆಕ್ಕದಲ್ಲಿ ಏನಾಗುತ್ತಿತ್ತೆಂದು ನಿಮಗೆ ಆಗಲೇ ತಿಳಿದಿರಬೇಕು. ನನ್ನಲ್ಲಿ ಏರಿದ ಕಿಲೋಗಳು ಸೂಟ್‌ಕೇಸಿನ ತಲೆಗೆ ಬೀಳುತ್ತಿದ್ದವು. ಜನ ಓವರ್‌ವೇಯ್ಟ್ ಆಯಿತೆಂದು ಸಾಮಾನು ಹೊರತೆಗೆದು, ಹಗುರ ಸೂಟ್‌ಕೇಸ್ ಹೊತ್ತು ಊರು ಸೇರುತ್ತಿದ್ದರು. ಒಬ್ಬರಿಬ್ಬರು ವಾಪಸು ಬಂದು, ಇನ್ನೂ ಎರಡು ಡಬ್ಬಿ ಹಾಲಿನ ಪುಡಿ ಹಿಡಿಯುತ್ತಿತ್ತಲ್ಲ ಎಂದು ಗೊಣಗಿದರು. ನಮ್ಮವರು ಮಿಷನ್ ಕೆಳಗಿನ ಸ್ಕ್ರೂ ಬಿಗಿ ಮಾಡಿದರು. ನಾನು ಚಹಾ ಮಾಡಿ ಕೊಟ್ಟೆ.

ಆ ಚಳಿಗಾಲದಲ್ಲಿ ಹಮೀದ್ ಭಾಯಿಯ ಗೋದಾಮು ಮುಚ್ಚಿತು. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಖಲಾಸ್, ಇಡೀ ಸಂಸಾರ ಊರಿಗೆ. ಹೆಚ್ಚಿನ ಸಾಮಾನು ಮಾರಿದರು. ಮಕ್ಕಳ ಲಗೇಜೆಲ್ಲ ಬಟ್ಟೆಬರೆಗೇ ತುಂಬಿತು. ಮೈಮೂನಕ್ಕ ತಮ್ಮ ಸೂಟ್‌ಕೇಸಿನಲ್ಲಿ ಇಟ್ಟುಕೊಂಡ ಒಂದೇ ಆಸೆಯ ವಸ್ತು ನೀಲಿ ಹೂವಿನ ಗಾಜಿನ ಡಿನ್ನರ್ ಸೆಟ್, ಮಗಳ ಮದುವೆಗೆಂದು. ಒಂದೊಂದು ಪ್ಲೇಟಿಗೂ ಹೊಲಿಗೆಯಲ್ಲಿ ಉಳಿದ ತುಂಡು ಬಟ್ಟೆ ಸುತ್ತಿದ್ದರು. ಅದರಲ್ಲಿ ನನ್ನ ರವಿಕೆಯ ಬಣ್ಣಗಳೂ ಇದ್ದವು. ಅವರು ಹೊರಡುವುದಕ್ಕೆ ವಾರ ಮೊದಲು ನಾನು ಸೂಟ್‌ಕೇಸ್ ತಬ್ಬಿ ನಿಂತೆ. ನಮ್ಮವರು ಬಗ್ಗಿದರು. "ಎಂಬತ್ತೆಂಟು. ಮೈನಸ್ ಐವತ್ತೆರಡು, ಮೂವತ್ತಾರು. ಆರು ಕಿಲೋ ಓವರ್."

ಡಿನ್ನರ್ ಸೆಟ್ ಸರಿಯಾಗಿ ಆರು ಕಿಲೋ. ನನ್ನ ಬಾಯಿ ತೆರೆದಿತ್ತು. ಒಂದೇ ಮಾತು ಸಾಕಿತ್ತು, ನಾನು ಐವತ್ತೆರಡಲ್ಲ ಎಂದು. ಆದರೆ ನಮ್ಮವರು ಕಾಲಬುಡದಲ್ಲೇ ಕೂತಿದ್ದರು. ಮೈಮೂನಕ್ಕ ನನ್ನನ್ನು ಒಂದು ಗಳಿಗೆ ನೋಡಿದರು. "ತೆಗಿಯುವ. ಸುಮತಿಯ ಹತ್ರ ಇರ್ಲಿ, ಊರಿಗೆ ಬರುವಾಗ ತರ್ತಾಳೆ," ಎಂದರು.

ತರಲಿಲ್ಲ. ಪ್ರತಿ ರಜೆಯಲ್ಲೂ ನಮ್ಮದೇ ಸಾಮಾನು ತುಂಬಿತು. ಮುಂದೆ ಮಗಳು ಹುಟ್ಟಿದಳು, ನಾನು ಬಯಸಿದ ಎರಡು ವರ್ಷ ಮುಗಿಸಿಯೇ. ಕೊನೆಗೆ ನಾವೇ ಊರಿಗೆ ಮರಳಿದಾಗ ಸೆಟ್ ಹೊತ್ತುಕೊಂಡು ಅವರ ಮನೆ ಹುಡುಕಿ ಹೋದೆ. ಮನೆ ಮಾರಿ ಎಲ್ಲಿಗೋ ಹೋಗಿದ್ದರು. ಒಂದು ಅಂಗಡಿಯಲ್ಲಿ ಕೇಳಿದೆ, ಗೊತ್ತಿಲ್ಲವೆಂದರು, ಬಂದುಬಿಟ್ಟೆ. ಇನ್ನೂ ನಾಲ್ಕು ಕಡೆ ಕೇಳಬಹುದಿತ್ತು. ಸಿಕ್ಕಿದರೆ ಏನು ಹೇಳುವುದೆಂಬ ಹೆದರಿಕೆ ಇತ್ತು. ಪ್ಲೇಟುಗಳು ಒಂದೊಂದಾಗಿ ಒಡೆದವು. ಉಳಿದ ಒಂದನ್ನು ಸೀರೆಯಲ್ಲಿ ಸುತ್ತಿ ಇಲ್ಲಿಗೇ ತಂದಿದ್ದೇನೆ. ಶ್ವೇತಾ ನಿನ್ನೆ ಹಿಂದಕ್ಕೆ ತಳ್ಳಿದ್ದು ಅದೇ ಪ್ಲೇಟು.

ಕಥೆ ಕೇಳಿ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಮಾಮಿ," ಎಂದಳು. ಹೌದು, ನಿನಗೆ ಮುಗಿಯುತ್ತದೆ, ಡಾಕ್ಟರಿಗೆ ಒಂದು ಮಾತು ಹೇಳು, ಮೊದಲು ಉಪ್ಪಿಟ್ಟು ತಿನ್ನು ಎಂದೆ. ತಿಂದಳು. ತಿನ್ನುತ್ತಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಆಮೇಲೆ, ಮೈಮೂನಕ್ಕನಿಗೆ ಗೊತ್ತೇ ಆಗಲಿಲ್ಲವಾ ಎಂದು ಕೇಳಿದಳು.

ಅವರನ್ನು ಬಿಡಲು ನಾವು ಏರ್‌ಪೋರ್ಟಿಗೆ ಹೋಗಿದ್ದೆವು. ಕೌಂಟರಿನ ಮಿಷನ್ ಮೇಲೆ ಮೈಮೂನಕ್ಕನ ಸೂಟ್‌ಕೇಸ್ ಇಟ್ಟರು. ಇಪ್ಪತ್ತನಾಲ್ಕು. ಹಮೀದ್ ಭಾಯಿ ಕನ್ನಡಕ ಒರೆಸಿಕೊಂಡು ನೋಡಿದರು. ನಮ್ಮವರು ಬೆರಳು ಮಡಿಚುತ್ತಾ ಲೆಕ್ಕಕ್ಕೆ ತೊಡಗಿದರು. ಮೈಮೂನಕ್ಕ ಮಾತ್ರ, "ಇವರ ಮಿಷನ್ ಹಾಳಾಗಿದೆ. ಸುಮತಿಯದ್ದು ತಪ್ಪುವುದುಂಟಾ?" ಎಂದರು. ನಮ್ಮವರಿಗೆ ಅದು ಎಷ್ಟು ಒಪ್ಪಿಗೆಯಾಯಿತೆಂದರೆ, ತೀರಿಕೊಳ್ಳುವವರೆಗೂ ಏರ್‌ಪೋರ್ಟಿನವರ ಮಿಷನ್ ನಂಬಲಿಲ್ಲ.

ಹೊರಡುವಾಗ ಮೈಮೂನಕ್ಕ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು ಕಿವಿಯ ಹತ್ತಿರ, "ಐವತ್ತೆಂಟು ಅಲ್ವಾ?" ಎಂದರು. ನನಗೆ ಅಳು ಬಂತು. "ಟೇಪ್ ಹಿಡಿದ ದಿನವೇ ಗೊತ್ತು ಮಾರಾಯ್ತಿ. ಕೆಲಸ ಬಿಡ್ಬೇಡ." ನಾನು ಹೌದು ಐವತ್ತೆಂಟೇ ಎಂದು ತಲೆಯಾಡಿಸಿದೆ. ಅವರು ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಪಾಸ್‌ಪೋರ್ಟ್ ಕ್ಯೂ ಸೇರಿದರು. ಒಮ್ಮೆ ತಿರುಗಿ, ಎರಡು ಕೈಯಲ್ಲೂ ಸೂಟ್‌ಕೇಸ್ ತಬ್ಬಿದ ಹಾಗೆ ನನ್ನನ್ನು ಅಣಕಿಸಿ ತೋರಿಸಿ, ನಕ್ಕು, ಗಾಜಿನ ಬಾಗಿಲು ದಾಟಿದರು. ಅವರನ್ನು ನೋಡಿದ್ದು ಅದೇ ಕೊನೆ.

ಅಂದು ಬೆಳಿಗ್ಗೆ ನಾನು ಮಿಷನ್ ಹತ್ತಿ ನೋಡಿದ್ದೆ. ಐವತ್ತೊಂಬತ್ತು ಆಗಿತ್ತು.