ಮನೆಯಲ್ಲಿ ಎಷ್ಟು ಜನ?

"ನಿನ್ ಕೈಲಾಗಾಕಿಲ್ಲ ಬುಡು" ಎಂದವನು ನನ್ನ ಅಣ್ಣ. ಪೊಟ್ಟಣದ ಕಾಗದ ನೋಡಿ ನಾನೇ ಅಕ್ಷರ ಕಲಿತಾಗಲೂ ಅಂದ, ಹಟ ಹಿಡಿದು ಮೈಸೂರಿಗೆ ಬಿ.ಎ. ಓದಲು ಹೊರಟಾಗಲೂ ಅಂದ. ಸಮಾಜಶಾಸ್ತ್ರ ಎಂದಾಗ ಮಾತ್ರ, "ಅದ್ಕೆ ಯಾರ್ ಕೆಲ್ಸ ಕೊಟ್ಟಾರು? ಊರೋರ ಮನೆ ಸುದ್ದಿ ಬಾವಿಕಟ್ಟೇಲಿ ಪುಕ್ಕಟೆ ಸಿಕ್ತದೆ" ಎಂದ. ನಾನು ಓದಿಯೇ ತೀರಿದೆ. ಅಂದಿನಿಂದ ಮುಂದೆ ಹೇಳುವಂಥ ಪ್ರಸಂಗಗಳು ನನಗೆ ಆಗುತ್ತಲೇ ಇವೆ.

ಕಾಲೇಜಿನಲ್ಲಿ

ತರಗತಿಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಮುಂದಿನ ಬೆಂಚು ಪೂರ್ತಿ ನನ್ನದು. ಅದರ ಹಿಂದಿನದನ್ನೂ ಹುಡುಗರು ಮರ್ಯಾದೆಗೆಂದು ಖಾಲಿ ಬಿಡುತ್ತಿದ್ದರು. ಮೇಷ್ಟರು ದಿನವೂ "ಮಹನೀಯರೇ" ಎಂದೇ ಪಾಠ ಶುರುಮಾಡುತ್ತಿದ್ದರು. ಒಂದು ದಿನ ಹುಡುಗರೆಲ್ಲ ಸ್ವಾತಂತ್ರ್ಯ ಚಳವಳಿಗೆ ಬೀದಿಗಿಳಿದರು. ನನಗೆ ಯಾರೂ ಹೇಳಿರಲಿಲ್ಲ. ಮೇಷ್ಟರು ಬಂದರು, ಕೆಮ್ಮಿದರು, ನನ್ನ ತಲೆಯ ಮೇಲಿನ ಗೋಡೆ ನೋಡಿ ಹೇಳಿದರು:

"ಮಹನೀಯರೇ, ಇವತ್ತು ಯಾರೂ ಬಂದಿಲ್ಲ. ಪಾಠ ಇಲ್ಲ."

ಮದ್ದೂರಿನ ಹತ್ತಿರ

ಓದು ಮುಗಿದ ಮೇಲೆ ಸಿಕ್ಕಿದ್ದು ಹಂಗಾಮಿ ಕೆಲಸ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸಂಸಾರದ ವಿವರ ಕೇಳುವುದು. "ಜನ ನಿಜ ಹೇಳಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಊರಿಗೆ ಹೊರಡಿ" ಎಂದಿದ್ದರು ಸಾಹೇಬರು. ಊರೆಂದರೆ ಅಣ್ಣನ ಮನೆ.

ಯುದ್ಧದ ಕಾಲ. ನಾನು ಸೈನ್ಯಕ್ಕೆ ಆಳು ಹಿಡಿಯಲು ಬಂದವಳೆಂದು ಸುದ್ದಿ ಹಬ್ಬಿ, ಬೆಳಿಗ್ಗೆ ಯಾವ ಮನೆಯಲ್ಲೂ ಗಂಡಸೇ ಇಲ್ಲ. ಮಧ್ಯಾಹ್ನ ಸುದ್ದಿ ತಿರುಗಿತು: ರೇಷನ್ ಅಕ್ಕಿಗೆ ಹೆಸರು ಬರೆದುಕೊಳ್ಳುತ್ತಿದ್ದಾಳೆ! ಗಂಡಸಿಲ್ಲದ ಮನೆಯಿಂದ ಗಂಡಸೊಬ್ಬ ಓಡಿ ಬಂದ.

"ಅವ್ವಾ, ನಮ್ ತಾತನ್ನೂ ಸೇರಿಸ್ಕೊ."

"ಎಲ್ಲಿದ್ದಾರೆ?"

"ತೀರ್ಕೊಂಡವ್ರೆ. ಆದ್ರೂ ಎಡೆ ಇಕ್ಕಾಕೆ ಅಕ್ಕಿ ಬ್ಯಾಡ್ವಾ?"

ಮಳವಳ್ಳಿ ಕಡೆ

ಆ ಊರಿನ ವಿವರ ಸಾಹೇಬರು ಒಪ್ಪಲಿಲ್ಲ. "ಇನ್ನೊಂದೇ ಊರು ನೋಡ್ತೀನಿ" ಎಂದರು. ಆ ಇನ್ನೊಂದು ಊರು ಮಳವಳ್ಳಿಯ ಕಡೆಯದು.

ಮೊದಲ ಮನೆಯ ಅಜ್ಜಿಯನ್ನು ಗದ್ದೆ ಎಷ್ಟು, ಎಮ್ಮೆ ಎಷ್ಟು, ಮಗನ ವಯಸ್ಸೆಷ್ಟು ಎಂದು ಕೇಳಿದೆ. ಅಜ್ಜಿ ಒಳಗೆ ಹೋಗಿ, ಮಗನಿಗೆ ಒಗೆದ ಪಂಚೆ ಉಡಿಸಿ ಕರೆತಂದು ಜಗಲಿಯ ಮೇಲೆ ಕೂರಿಸಿದಳು.

"ಹೆಣ್ಣು ಯಾವೂರ್ದವ್ವಾ?"

"ಯಾವ ಹೆಣ್ಣು?"

"ಗದ್ದೆ, ಎಮ್ಮೆ, ವಯಸ್ಸು ಕೇಳೋರು ಹೆಣ್ಣಿನ ಕಡೆಯೋರಲ್ವಾ?"

"ನನ್ನ ಕಡೆಯವರು ಯಾರೂ ಇಲ್ಲ ಅಜ್ಜಿ. ನಾನೊಬ್ಬಳೇ ಬಂದಿದ್ದೀನಿ."

ಅಜ್ಜಿಯ ಕಣ್ಣು ತುಂಬಿತು. "ಅಯ್ಯೋ, ಕೇಳೋರಿಲ್ದೆ ನೀನೇ ಗಂಡು ಹುಡುಕ್ಕೊಂಡು ಹೊಂಟ್ಯಾ ಮಗಾ?" ಮಗ ಎದ್ದು ಕೊಟ್ಟಿಗೆಗೆ ಓಡಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಬೀದಿಯಲ್ಲಿ ನಿಂತು ಕೂಗಿದಳು: "ತಬ್ಬಲಿ ಹೆಣ್ಣು ಗಂಡು ನೋಡಾಕೆ ಬಂದೈತೆ ಕಣ್ರಲಾ! ಯಾರೂ ಸುಳ್ಳು ಹೇಳ್ಬ್ಯಾಡಿ!"

ಊರಿಗೂರೇ ಬಾಗಿಲು ತೆರೆಯಿತು. "ನಮ್ಮೋನು ಕುಡೀತಾನೆ ಕಣಮ್ಮ, ಮುಂದಿನ ಮನೆ ನೋಡು" ಎಂದಳು ಒಬ್ಬ ತಾಯಿ. "ಇವನಿಗೆ ಮೈಬಗ್ಗಾಕಿಲ್ಲ" ಎಂದಳು ಇನ್ನೊಬ್ಬಳು. ಮೆಳ್ಳಗಣ್ಣು, ಮೂರ್ಛೆರೋಗ, ದಾಯಾದಿ ಜಗಳ, ಒಂದನ್ನೂ ಮುಚ್ಚಿಡಲಿಲ್ಲ. ನಾನು ತಲೆ ತಗ್ಗಿಸಿ ಎಲ್ಲವನ್ನೂ ಬರೆದುಕೊಂಡೆ.

ಸಾಹೇಬರು ಓದಿ ಬೆರಗಾದರು. "ಇಷ್ಟು ನಿಜ ಹೊರತೆಗೆದದ್ದು ಯಾವ ಪದ್ಧತಿಯಿಂದ?"

"ಸಮಾಜಶಾಸ್ತ್ರದ್ದು ಸಾರ್."

ಕೆಲಸ ಖಾಯಮಾಯಿತು. ಬಸ್ಸಿನಲ್ಲಿ ಆ ಊರಿನವರು ಸಿಕ್ಕರೆ ಈಗಲೂ ಕೇಳುತ್ತಾರೆ, "ಸಿಕ್ಕಿದ್ನೇನವ್ವಾ?" ಇನ್ನೂ ಹುಡುಕುತ್ತಿದ್ದೇನೆ ಎನ್ನುತ್ತೇನೆ. ಬಸ್ಸಿಗೆ ಬಸ್ಸೇ ಲೊಚಗುಟ್ಟುತ್ತದೆ.

ಮಂಡ್ಯದಲ್ಲಿ ಈಗ ನನ್ನದೇ ಹೆಂಚಿನ ಮನೆಯಿದೆ, ಬೀರು ತುಂಬ ಪುಸ್ತಕಗಳಿವೆ. ಅದಕ್ಕೆ ತೆತ್ತ ಬೆಲೆ ಇಷ್ಟೇ: ಇದನ್ನೆಲ್ಲ ಹೇಳಿ ನಗಬೇಕೆಂದು ಸಂಜೆ ಮನೆಗೆ ಓಡಿ ಬಂದರೆ, ಬೀಗವನ್ನೂ ನಾನೇ ತೆಗೆಯಬೇಕು.