ಕಾಟಲಿಂಗಪ್ಪ ಬಡವನಾದದ್ದು

ಹರಿಯಬ್ಬೆಯ ಕಾಟಲಿಂಗಪ್ಪ ಹುಟ್ಟಿದಾಗಿನಿಂದ ಯಾರ ಅಪ್ಪಣೆಯನ್ನೂ ಕೇಳದೆ ಆರಾಮವಾಗಿ ಬಡವನಾಗಿದ್ದ. ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು ಎಂದು ಅವನಿಗೆ ಗೊತ್ತಾದದ್ದು ತೊಂಬತ್ತೆಂಟರಲ್ಲಿ, ಮಗಳು ರಂಜಿತಾ ಪಿಯುಸಿ ಪಾಸಾದಾಗ.

ಚಿತ್ರದುರ್ಗದಲ್ಲಿ ಅವಳಿಗೆ ಡಿಗ್ರಿಗೆ ಸೀಟು ಸಿಕ್ಕಿತ್ತು. ಫೀಜು ಕಟ್ಟಬೇಕಾದರೆ ವಿದ್ಯಾರ್ಥಿವೇತನ ಬರಬೇಕು. ವಿದ್ಯಾರ್ಥಿವೇತನ ಬರಬೇಕಾದರೆ ಆದಾಯ ಪ್ರಮಾಣಪತ್ರ ಬೇಕು. ಅದು ಸಿಗಬೇಕಾದರೆ ಕಂದಾಯ ಇಲಾಖೆಯ ಗೋವಿಂದಯ್ಯನವರು ಮನೆಗೆ ಬಂದು, ಕಣ್ಣಾರೆ ನೋಡಿ, ಹೌದು ಇವರಿಗೆ ಗತಿ ಇಲ್ಲ ಎಂದು ಒಪ್ಪಬೇಕು. ಒಪ್ಪದಿದ್ದರೆ ರಂಜಿತಾ ಅಪ್ಪನ ಜೊತೆ ಕುರಿಗಳ ಹಿಂದೆ ಹೋಗಬೇಕು. (ಕುರಿಗಳಿಗೆ ಇದರಲ್ಲಿ ಆಕ್ಷೇಪಣೆ ಇರಲಿಲ್ಲ. ರಂಜಿತಾಳಿಗೆ ಇತ್ತು.)

ಗೋವಿಂದಯ್ಯನವರು ಬರುವ ದಿನ ಬೆಳಿಗ್ಗೆ ಕಾಟಲಿಂಗಪ್ಪ ಹೆಂಡತಿ ಪಾಲಮ್ಮನಿಗೆ ಹೇಳಿದ.

"ಮನೆ ಹೆಂಗೈತೋ ಹಂಗೇ ಇರ್ಲಿ. ಗುಡಿಸ್ಬೇಡ, ಸಾರಿಸ್ಬೇಡ."

"ನಮ್ಮನೆಗೆ ಆಫೀಸರ್ ಬರಾದು ಇದೇ ಮೊದ್ಲು. ಗುಡಿಸ್ದಲೆ ಕೂರ್ಸಾಕೆ ನಾನೇನು ಹಾದೀಲಿ ಬಿದ್ದೋಳಾ?"

"ನಾವು ಬಡವ್ರು ಅಂತ ಕಾಣ್ಬೇಕು ಕಣೆ."

"ಕಾಣ್ತದೆ ಬಿಡು. ನಿನ್ ಮಖ ಐತಲ್ಲ."

ಕಾಟಲಿಂಗಪ್ಪ ಇದನ್ನು ಒಪ್ಪಿಗೆ ಎಂದು ತಿಳಿದುಕೊಂಡ. (ಮದುವೆಯಾದಾಗಿನಿಂದ ಅವನು ಮಾಡಿಕೊಂಡು ಬಂದ ತಪ್ಪು ಇದೊಂದೇ.) ಇದ್ದುದರಲ್ಲಿ ಹೆಚ್ಚು ಹರಿದ ಅಂಗಿಯನ್ನು ಆರಿಸಿ ತೊಟ್ಟುಕೊಂಡು ಬಸ್ ನಿಲ್ಲುವ ಕಟ್ಟೆಗೆ ಹೋದ. ಬಸ್ಸು ತಡವಾಯಿತು. ಆ ತಡದಲ್ಲಿ ಪಾಲಮ್ಮ ಬೀದಿಯನ್ನೆಲ್ಲ ಒಂದು ಸುತ್ತು ಹಾಕಿದಳು.

ಗೋವಿಂದಯ್ಯನವರನ್ನು ಕರೆದುಕೊಂಡು ಬಂದ ಕಾಟಲಿಂಗಪ್ಪ ಸಾರಿಸಿ ರಂಗೋಲಿ ಹಾಕಿದ್ದ ತನ್ನ ಮನೆಯ ಗುರುತೇ ಸಿಗದೆ ದಾಟಿ ಮುಂದಕ್ಕೇ ಹೋಗಿಬಿಟ್ಟ. ಪಾಲಮ್ಮ ಕೂಗಿ ಕರೆಯಬೇಕಾಯಿತು. ಒಳಗೆ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ನವಿಲಿನ ಬೆಡ್‌ಶೀಟು, ಅದರ ಮೇಲೆ ಟೇಬಲ್ ಫ್ಯಾನು. (ಆ ಮನೆಯಲ್ಲಿ ಕರೆಂಟ್ ಇದ್ದದ್ದು ಒಂದು ಬಲ್ಬಿಗೆ. ಫ್ಯಾನು ಸುಮ್ಮನೆ ಗೌರವಕ್ಕೆ ಕೂತಿತ್ತು.) ಒಲೆಯ ಕಡೆಯಿಂದ ಗೋಡಂಬಿ ಹುರಿದ ವಾಸನೆ.

"ಬರ್ರಿ ಸ್ವಾಮಿ, ಕುಂತ್ಕಳ್ರಿ," ಎಂದಳು ಪಾಲಮ್ಮ, ರಾಜಮಾತೆಯ ಠೀವಿಯಲ್ಲಿ.

ಗೋವಿಂದಯ್ಯನವರು ಕೂತರು. ಫ್ಯಾನನ್ನು ನೋಡಿದರು. "ಚೆನ್ನಾಗೇ ಇದೀರಲ್ಲ ಕಾಟಲಿಂಗಪ್ಪ."

"ಇವು ನಮ್ವಲ್ಲ ಸ್ವಾಮಿ."

"ಮತ್ತೆ ಯಾರವು?"

ಅದನ್ನು ಕಾಟಲಿಂಗಪ್ಪ ಹೇಳುವ ಹಾಗಿರಲಿಲ್ಲ. ಆ ಬೀದಿಗೆ ಒಂದು ಕಟ್ಟಳೆ ಇತ್ತು. ನೆಂಟರು ಬಂದಾಗ ಯಾರ ಮನೆಯಿಂದ ಏನನ್ನಾದರೂ ಎರವಲು ತರಬಹುದು. ನೆಂಟರು ಹೋಗುವ ತನಕ ಅದು ತಂದವರದೇ. ತಂದವರು ಕೊಟ್ಟವರ ಹೆಸರು ಹೇಳಬಾರದು, ಕೊಟ್ಟವರು ಕಣ್ಣೆದುರು ಕಂಡರೂ ಗುರುತು ಹಿಡಿಯಬಾರದು. ತಪ್ಪಿದವರ ಮನೆಗೆ ನೆಂಟರು ಬಂದ ದಿನ ಬೀದಿಯಲ್ಲಿ ಒಂದು ಚೊಂಬೂ ಹುಟ್ಟುವುದಿಲ್ಲ.

ಅಷ್ಟರಲ್ಲಿ ಕಾಫಿ ಕುಡಿಯಲು ಲೋಟ ಎತ್ತಿದ ಗೋವಿಂದಯ್ಯನವರು ಅದರ ಮೈಮೇಲೆ ಕೊರೆದ ಹೆಸರನ್ನು ಓದಿದರು. "ಓಬಳೇಶಪ್ಪ ಅಂತ ಇದೆಯಲ್ಲ. ಯಾರು?"

ಕಾಟಲಿಂಗಪ್ಪನಿಗೆ ಹೋದ ಜೀವ ಬಂತು. "ಪಕ್ಕದ ಮನೆಯೋನು ಸ್ವಾಮಿ. ಕರೀತೀನಿ, ಅವ್ನೇ ಹೇಳ್ತಾನೆ."

ಓಬಳೇಶಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಲೋಟ ಅವನದು, ಫ್ಯಾನೂ ಅವನದೇ.

"ಈ ಲೋಟ ನಿಂದೇನಪ್ಪ?"

"ಅಲ್ಲ ಸ್ವಾಮಿ."

"ನಿನ್ನ ಹೆಸರೇ ಇದೆ."

"ಅವ್ರ ಮದ್ವೇಲಿ ನಾನೇ ಮುಯ್ಯಿ ಮಾಡಿದ್ದು." (ಆ ಮದುವೆಯ ಹೊತ್ತಿಗೆ ಓಬಳೇಶಪ್ಪ ಇನ್ನೂ ಚಡ್ಡಿ ಹಾಕುವುದನ್ನು ಕಲಿತಿರಲಿಲ್ಲ.)

"ಫ್ಯಾನು?"

"ಅದೂ ಅವ್ರದೇ. ಸೆಕೆಗಾಲ್ದಾಗೆ ನಾವೆಲ್ಲ ಗಾಳಿಗೆ ಇಲ್ಲಿಗೇ ಬರಾದು."

"ಲೇ, ನಿಜ ಹೇಳೋ," ಕಾಟಲಿಂಗಪ್ಪ ಅಂಗಲಾಚಿದ. "ನಾನು ಗತಿಗೆಟ್ಟೋನು ಅಂತ ಹೇಳೋ."

"ಅದೆಂಗ್ ಹೇಳ್ಲಣ್ಣ. ಈ ಬೀದಿಗೇ ಸಾಹುಕಾರ ನೀನು." ಹೇಳಿ, ನಿನ್ನ ಮಾನ ಉಳಿಸಿದೆ ನೋಡು ಎನ್ನುವಂತೆ ಕಣ್ಣು ಮಿಟುಕಿಸಿದ.

ಕುರ್ಚಿಗಳ ಒಡತಿ ಸಿದ್ದಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಅವಳೂ ಸೇರಿಸಿದಳು: "ತುಂಬಿದ ಮನೆ ಸ್ವಾಮಿ. ಕೇಳ್ದೋರಿಗೆ ಇಲ್ಲ ಅಂದೋರಲ್ಲ."

ಗೋವಿಂದಯ್ಯನವರು ಪೆನ್ನಿಗೆ ಕ್ಯಾಪು ಹಾಕಿದರು. "ಸರಿ ಹಾಗಾದ್ರೆ. ಸಾಹುಕಾರರ ಮಗಳಿಗೆ ಸರ್ಕಾರ ದುಡ್ಡು ಕೊಡಲ್ಲ." ಎದ್ದರು.

ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ರಂಜಿತಾ ಅಲ್ಲೇ ನಿಂತಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಕುರಿ ಕಾಯುವ ಕೋಲನ್ನು ತೆಗೆದುಕೊಂಡಳು.

ಪಾಲಮ್ಮ ಮಗಳನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

"ಕುಂತ್ಕಳ್ರಿ ಸ್ವಾಮಿ," ಎಂದಳು. ಈ ಸಲ ರಾಜಮಾತೆ ಇರಲಿಲ್ಲ. "ಈವಯ್ಯ ಸಾಹುಕಾರ ಅಂತೆ. ಮದ್ವೇಲಿ ಉಟ್ಟಿದ್ದ ಪಂಚೆನೇ ಎರವಲು. ಧಾರೆ ಮುಗಿಯೋ ತನಕ ತಡೀಲಿಲ್ಲ, ಪಂಚೆ ಕೊಟ್ಟೋನು ಚಪ್ರದಾಗೆ ಬಂದು ನಿಂತ್ಕಂಡ. ಕುರಿ ಅವೆ ಅಂತೀರಾ? ಯಾರವೋ ಕುರಿ, ಪಾಲಿಗೆ ಮೇಯ್ಸಾದು. ಮರಿ ಹಾಕಿದ್ರೆ ಅವ್ರ ಪಾಲು, ಸತ್ರೆ ಇವ್ನ ಪಾಲು. ಎಮ್ಮೆ ತರ್ತೀನಿ ಅಂತ ಹಿರಿಯೂರ್ ಸಂತೆಗೆ ಹೋದ, ಕೊಡೆ ತಂದ. ಅದನ್ನೂ ಬಸ್ಸಲ್ಲೇ ಬಿಟ್ಟು ಬಂದ."

"ಅಷ್ಟು ಸಾಕು ಕಣೆ," ಎಂದ ಕಾಟಲಿಂಗಪ್ಪ ಮೆಲ್ಲಗೆ.

"ನೀನು ಸುಮ್ನಿರು. ನಿನ್ ಬಡತನ ನಿಂಗೇನ್ ಗೊತ್ತು? ಅನುಭವಿಸ್ದೋಳು ನಾನು."

ಮನೆಯೊಡತಿಯೇ ಬಾಯಿ ಬಿಟ್ಟ ಮೇಲೆ ಬೀದಿಯವರಿಗೆ ಕಟ್ಟಳೆ ಎಲ್ಲಿಯದು. ಬಾಗಿಲ ತುಂಬ ಜನ ಕೂಡಿದರು. ಪಾಲಮ್ಮ ಉಸಿರು ಎಳೆದುಕೊಳ್ಳಲು ನಿಂತಾಗ ಸಿದ್ದಕ್ಕ, "ಆ ಕೋಳಿ ಕಥೆ ಹೇಳೇ," ಎಂದಳು.

"ಕೋಳಿಗಿಂತ ಹೆಂಚಿಂದು ಚೆನ್ನಾಗೈತೆ," ಎಂದ ಓಬಳೇಶಪ್ಪ.

ಪಾಲಮ್ಮ ಎರಡನ್ನೂ ಹೇಳಿದಳು. ಕಾಟಲಿಂಗಪ್ಪ ಹರಿದ ಅಂಗಿಯಲ್ಲಿ, ನ್ಯಾಯಾಲಯದ ಮುಂದೆ ತಂದಿಟ್ಟ ಸಾಕ್ಷ್ಯದಂತೆ, ಗೋಡೆಗೆ ಒರಗಿ ನಿಂತಿದ್ದ. ಗೋವಿಂದಯ್ಯನವರ ಕಣ್ಣಲ್ಲಿ ನೀರು ಬಂತು. (ಕರುಣೆಯೋ ಉಪ್ಪಿಟ್ಟಿನ ಮೆಣಸಿನಕಾಯೋ ತಿಳಿಯಲಿಲ್ಲ.) ಅವರು ಪೆನ್ನು ತೆಗೆದು ಬರೆದೇ ಬರೆದರು.

"ಸಾಕು ತಾಯಿ. ನಿಮಗಿಂತ ಬಡವರನ್ನ ನಾನು ಈ ತಾಲ್ಲೂಕಲ್ಲೇ ನೋಡಿಲ್ಲ. ನಿಮ್ಮ ಹುಡುಗಿ ಕಾಲೇಜಿಗೆ ಸೇರಲಿ."

ರಂಜಿತಾ ಕೋಲನ್ನು ಮೂಲೆಗಿಟ್ಟಳು. ಗೋವಿಂದಯ್ಯನವರು ಹೊರಡುವಾಗ ಕಾಟಲಿಂಗಪ್ಪನ ಭುಜ ತಟ್ಟಿ, ಸಾವಿನ ಮನೆಯಲ್ಲಿ ಹೇಳುವ ಹಾಗೆ, "ಧೈರ್ಯವಾಗಿರಪ್ಪ," ಎಂದರು. ಹೊಸಿಲು ದಾಟಿದ ಮೇಲೆ ತಿರುಗಿ ಇನ್ನೊಂದು ಮಾತು ಹೇಳಿದರು.

"ಈ ಪತ್ರ ಒಂದು ವರ್ಷಕ್ಕೆ ಮಾತ್ರ. ಬರೋ ವರ್ಷ ಮತ್ತೆ ಬಂದು ವಿಚಾರಣೆ ಮಾಡಬೇಕಾಗುತ್ತೆ."

"ಬರ್ರಿ ಸ್ವಾಮಿ," ಎಂದಳು ಪಾಲಮ್ಮ. "ನನ್ ಕಥೆ ಇನ್ನೂ ರಂಜಿತಾ ಹುಟ್ಟಿದ್ ವರ್ಷಕ್ಕೇ ಬಂದಿಲ್ಲ."

ಬೀದಿಯವರೂ ತಪ್ಪದೆ ಬರುವುದಾಗಿ ಹೇಳಿದರು. ಡಿಗ್ರಿ ಮೂರು ವರ್ಷದ್ದು ಎಂಬುದು ಕಾಟಲಿಂಗಪ್ಪನಿಗೆ ಆಗ ನೆನಪಾಯಿತು.