ಇವತ್ತು ಮೀನು, ಊಟ ನಾಳೆ

ಊಟಕ್ಕೆ ಕರೆದು, ಬಂದವರಿಗೆ ಘಮ ಮಾತ್ರ ತೋರಿಸಿ ವಾಪಸ್ ಕಳಿಸುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಹನ್ನೊಂದು ವರ್ಷ ಪ್ರತಿ ಶನಿವಾರ ನನ್ನ ಅಡುಗೆಮನೆಯನ್ನು ಅವರಿಗೆ ಒಪ್ಪಿಸಿ, ಬಾಯಲ್ಲಿ ನೀರೂರಿಸಿಕೊಂಡು, ಕೊನೆಗೆ ಮೊಸರನ್ನ ಉಂಡು ಎದ್ದಿದ್ದೇನೆ. ಅವರು ನನ್ನ ಅಮ್ಮನ ತಮ್ಮ, ನನಗೆ ಸೋದರಮಾವ.

ನಾವು ಉಡುಪಿ ಕಡೆಯವರು. ಹುಳಿ-ಮೆಣಸಿನ ಪುಳಿಮುಂಚಿಯೊಂದನ್ನು ಬಿಟ್ಟರೆ, ಕಾಯಿ ಅರೆದು ಹಾಕದ ಮೀನು ಸಾರು ಸಾರೇ ಅಲ್ಲ ಎಂದು ನಂಬಿ ಬೆಳೆದವರು. ಸಮುದ್ರದಲ್ಲಿ ಹುಟ್ಟದ ಮೀನನ್ನು ಮೀನೆಂದು ಒಪ್ಪುವುದೂ ಕಷ್ಟವೇ. ಅಂಥ ಮನೆತನದಲ್ಲಿ ಹುಟ್ಟಿದ ಮಾವ ಹದಿನೆಂಟರ ಪ್ರಾಯದಲ್ಲಿ ನೆಲ್ಲೂರಿನ ನೆಂಟರ ಹೋಟೆಲಿಗೆ ಕೆಲಸಕ್ಕೆಂದು ಹೋದರು. ಎಂಟೇ ದಿನದಲ್ಲಿ ಆ ಹೋಟೆಲು ಬಿಟ್ಟು ಎದುರಿನ ಮೆಸ್ಸಿಗೆ ಸೇರಿಕೊಂಡರು. ಯಾಕೆ? ಎದುರಿನ ಮೆಸ್ಸಿನ ಮುದುಕಿ ಮಾಡುತ್ತಿದ್ದ ಪುಲುಸಿನ ಘಮ ರಸ್ತೆ ದಾಟಿ ಬರುತ್ತಿತ್ತಂತೆ! ಪುಲುಸು ಎಂದರೆ ಹುಣಸೆಹುಳಿಯಲ್ಲಿ ಬೇಯಿಸಿದ ತೆಲುಗರ ಖಾರದ ಮೀನು ಸಾರು. ನೆಂಟರು ಇವರ ಹೆಸರನ್ನು ಮತ್ತೆ ಎತ್ತಲಿಲ್ಲ. ಇವರಿಗೆ ಅದರ ಚಿಂತೆಯೂ ಇರಲಿಲ್ಲ.

ಆಮೇಲೆ ಮುಂಬಯಿ ಸೇರಿ, ರಬಾಳೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದು ರಿಟೈರಾದರು. ಮದುವೆಯಾಗಲಿಲ್ಲ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನಿಂದ ಎರಡು ಗಲ್ಲಿ ಆಚೆ ಒಂದು ಬಾಡಿಗೆ ರೂಮು ಹಿಡಿದರು. ರೂಮೇನೋ ಚೆನ್ನಾಗಿತ್ತು, ಗಾಳಿ ಬೆಳಕು ಎಲ್ಲ ಇತ್ತು. ಆದರೆ ಆ ಸೊಸೈಟಿಯಲ್ಲಿ ಮೀನು ಮೊಟ್ಟೆಗೆ ಪ್ರವೇಶವಿಲ್ಲ. ಹೀಗಾಗಿ ಶನಿವಾರ ಮಧ್ಯಾಹ್ನ ಮಾವ ಕೈಚೀಲ ಹಿಡಿದು ನಮ್ಮ ಮನೆಯ ಬೆಲ್ ಒತ್ತುತ್ತಿದ್ದರು.

ಚೀಲದಲ್ಲಿ ಏನು? ರೋಹು! ಕೆರೆಯ ಮೀನು! ಮೊದಲ ದಿನ ನನ್ನ ಅತ್ತೆ ಅದನ್ನು ನೋಡಿ, ಯಾರೋ ಚಪ್ಪಲಿ ಹಾಕಿಕೊಂಡೇ ದೇವರ ಕೋಣೆಗೆ ಬಂದರೇನೋ ಎಂಬಂತೆ ಮುಖ ಮಾಡಿದ್ದರು. ಮಾವ ಕ್ಯಾರೇ ಅನ್ನಲಿಲ್ಲ. ಮಣ್ಣಿನ ಚಟ್ಟಿಗೆ ಎಳ್ಳೆಣ್ಣೆ ಸುರಿದು, ಸಾಸಿವೆ, ಮೆಂತೆ, ಕರಿಬೇವು ಸಿಡಿಸಿ, ಈರುಳ್ಳಿ ಬಾಡಿಸಿ, ನಮ್ಮ ಮನೆಯಲ್ಲಿ ವಾರಕ್ಕೆ ಬಳಸುವಷ್ಟು ಖಾರದ ಪುಡಿಯನ್ನು ಒಂದೇ ಸಲ ಸುರಿದರು. ಮೇಲೆ ಹುಣಸೆ ರಸ. ಅದು ಕುದಿದ ಮೇಲೆ ಮೀನು, ನಾಲ್ಕು ಹೋಳು ಮಾವಿನಕಾಯಿ. ಇಷ್ಟಾದ ಮೇಲೆ ಚಟ್ಟಿಗೆ ಸೌಟು ಹಾಕುವಂತಿಲ್ಲ. ಸೌಟು ತಾಗಿದರೆ ಮೀನು ಒಡೆಯುತ್ತದೆ. ಎರಡು ಬಟ್ಟೆಯಲ್ಲಿ ಚಟ್ಟಿಯ ಅಂಚು ಹಿಡಿದು, ಬಸ್ಸಿನ ಸ್ಟೀರಿಂಗ್ ತಿರುಗಿಸುವ ಹಾಗೆ ಮೆಲ್ಲಗೆ ಆಚೆ ಈಚೆ ತಿರುಗಿಸಬೇಕು. ಮಾವ ಹಾಗೆ ತಿರುಗಿಸುವಾಗ ಒಂದು ತುಂಡೂ ಅಲುಗಿದಂತೆ ಕಾಣುತ್ತಿರಲಿಲ್ಲ.

ಎಣ್ಣೆ ಮೇಲೆ ತೇಲಿದ ಮೇಲೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಕೈ ತೊಳೆದು ಹೊರಡುತ್ತಿದ್ದರು. ಊಟ? ಊಟ ನಾಳೆ! ಹುಳಿ, ಖಾರ, ಮೀನು ಮೂರೂ ಈಗಷ್ಟೇ ಒಂದು ಮನೆಗೆ ಬಂದಿವೆ, ಪರಿಚಯ ಆಗಲಿಕ್ಕೆ ಒಂದು ದಿನ ಬೇಡವೇ ಎನ್ನುವುದು ಅವರ ವಾದ. ನನ್ನ ಮಗಳು ಸುತ್ತ ಸುತ್ತ ತಿರುಗಿ, "ಅಜ್ಜಾ, ಆಜ್ ಹೀ ಖಾತೇ ಹೈ ನಾ," ಎಂದು ಇವತ್ತೇ ಬಡಿಸುವಂತೆ ಗೋಗರೆಯುತ್ತಿದ್ದಳು. ಹೇಗಾಗಿದೆ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ, "ನಾಳೆ ಕೇಳು."

ಒಮ್ಮೆ ನಮ್ಮವರು ವಾಶಿಯ ಆಫೀಸಿನಿಂದ ತಮ್ಮ ಸಾಹೇಬರನ್ನು ಶನಿವಾರವೇ ಕರೆತಂದುಬಿಟ್ಟರು. ಪ್ರಮೋಶನ್ನಿನ ಆಸೆ, ಇನ್ನೇನು? ಸಾಹೇಬರು ಘಮಕ್ಕೆ ಮೂಗರಳಿಸಿ ಟೇಬಲ್ಲಿಗೆ ಕೂತರು. ಮಾವ ಬಂದು ಕೈಮುಗಿದು, "ಸಾಬ್, ಖಾನಾ ಕಲ್ ಹೈ. ಆಜ್ ಸಿರ್ಫ್ ಪಕಾನಾ ಹೈ," ಎಂದರು. ಊಟ ನಾಳೆಯಂತೆ, ಇವತ್ತು ಅಡುಗೆ ಮಾತ್ರವಂತೆ! ನಮ್ಮವರ ಮುಖ ನೋಡಬೇಕಿತ್ತು. ಸಾಹೇಬರು ಉಪ್ಪಿನಕಾಯಿ, ಹಪ್ಪಳದಲ್ಲಿ ಉಂಡು ಹೋದರು. ಮುಗಿಯಿತು ಕಥೆ ಎಂದುಕೊಂಡೆವು. ಮರುದಿನ ಭಾನುವಾರ, ಹಳಿ ರಿಪೇರಿಗೆಂದು ಅರ್ಧ ರೈಲು ನಿಲ್ಲಿಸುವ ಮೆಗಾಬ್ಲಾಕ್ ಬೇರೆ. ಅಂಥದರಲ್ಲೂ ಸಾಹೇಬರು ಥಾಣೆಯಲ್ಲಿ ಗಾಡಿ ಬದಲಿಸಿಕೊಂಡು, ಬೆವರುತ್ತ ಬಂದು, ಮೂರು ಸಲ ಅನ್ನ ಹಾಕಿಸಿಕೊಂಡರು. ಪ್ರಮೋಶನ್ ಬೇರೆಯವರಿಗೆ ಸಿಕ್ಕಿತು, ಅದು ಬೇರೆ ಮಾತು.

ಇನ್ನು ಚಟ್ಟಿಯ ಕಥೆ. ಡೊಂಬಿವಲಿಯ ಚಟ್ಟಿಗಳು ಇವರ ಮನಸ್ಸಿಗೆ ಬರಲಿಲ್ಲ. ಥಾಣೆ ಮಾರ್ಕೆಟ್ಟಿನಲ್ಲಿ ಒಂದನ್ನು ಆರಿಸಿ, ಒಡೆಯದಿರಲೆಂದು ಕೆಂಪು ಬಟ್ಟೆ ಸುತ್ತಿ, ಎದೆಗವಚಿಕೊಂಡು ಸಂಜೆ ಆರರ ಫಾಸ್ಟ್ ಲೋಕಲ್ ಹತ್ತಿದರು. ಆ ಹೊತ್ತಿಗೆ ಒಂದು ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಆದರೆ ಕೆಂಪು ಬಟ್ಟೆಯ ಮಣ್ಣಿನ ಪಾತ್ರೆ ಕಂಡದ್ದೇ ಜನ ಸರಿದು ದಾರಿ ಬಿಟ್ಟರಂತೆ. ಕಿಟಕಿ ಪಕ್ಕದವನೊಬ್ಬ ಎದ್ದು ಸೀಟು ಕೊಟ್ಟು, ಯಾರು ತೀರಿಕೊಂಡದ್ದು ಎಂದು ಮೆಲ್ಲಗೆ ಕೇಳಿದನಂತೆ. ಅಸ್ಥಿ ಎಂದುಕೊಂಡಿದ್ದರು! ಮಾವ ಸುಮ್ಮನೆ ತಲೆ ತಗ್ಗಿಸಿದರಂತೆ. "ನಾನೆಂತ ಸುಳ್ಳು ಹೇಳಲಿಲ್ಲ ಮಾರಾಯ್ತಿ, ಬಾಯಿ ಬಿಟ್ಟದ್ದೇ ಇಲ್ಲ," ಎಂದು ಅವರು ಹೇಳುವಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಎಷ್ಟೋ ವರ್ಷ ಮನೆಗೆ ಬಂದವರಿಗೆಲ್ಲ ನಾನೇ ಈ ಕಥೆ ಹೇಳಿ ನಗಿಸಿದ್ದೇನೆ.

ಮಾವನಿಗೆ ನಮ್ಮ ಮನೆಯ ಮೇಲೆ ಇದ್ದ ತಕರಾರು ಒಂದೇ. ಪುಲುಸಿನ ನಿಜವಾದ ರುಚಿ ಮೂರನೆಯ ದಿನಕ್ಕೆ ಬರುತ್ತದಂತೆ. ಮೂರನೆಯ ದಿನ ಎಂದರೆ ಸೋಮವಾರ. ಸೋಮವಾರ ನಮ್ಮಲ್ಲಿ ಮೀನು ತಿನ್ನುವುದು ಹಾಗಿರಲಿ, ಮೀನಿನ ಪಾತ್ರೆ ಅಡುಗೆಮನೆಯಲ್ಲಿ ಇರಕೂಡದೆಂದು ಅತ್ತೆಯ ಕಟ್ಟಳೆ. ಅತ್ತೆ ಹೋದ ಮೇಲೂ ನಾನು ಅದನ್ನು ಪಾಲಿಸಿಕೊಂಡು ಬಂದೆ. ಭಾನುವಾರ ಸಂಜೆಗೆ ಚಟ್ಟಿ ಖಾಲಿ ಮಾಡಿಸಿ, ತೊಳೆದು ಬೋರಲು ಹಾಕಿಯೇ ನಾನು ಕೂರುತ್ತಿದ್ದದ್ದು. "ನಿಮ್ಮ ಮನೆಗೆ ಆ ಭಾಗ್ಯ ಇಲ್ಲ ಬಿಡು," ಎನ್ನುತ್ತ ಮಾವ ಕೊನೆಯ ತುಂಡನ್ನು ಮಗಳ ತಟ್ಟೆಗೆ ಹಾಕುತ್ತಿದ್ದರು.

ಇಲ್ಲಿಯವರೆಗೆ ನಕ್ಕಿದ್ದೀರಿ. ಇನ್ನು ಹೇಳುವುದು ನಾನು ಮಾಡಿದ ಕೆಲಸ.

ಮಗಳನ್ನು ನೋಡಲು ಉಡುಪಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಭಾನುವಾರ ಊಟ. ಮಾವ ಶನಿವಾರ ಬೆಳಿಗ್ಗೆಯೇ ಬಂದರು. ಅಂದು ಅವರ ಉಮೇದು ಹೇಳತೀರದು. ಊರ ಕಡೆಯವರು ಅವರ ಪುಲುಸು ತಿನ್ನುವುದು ಅದೇ ಮೊದಲು. ಸಂಜೆ ಹೊರಡುವಾಗ, "ನಾಳೆ ಹನ್ನೆರಡು ಗಂಟೆಯವರೆಗೆ ಮುಚ್ಚಳ ತೆಗಿಬೇಡ," ಎಂದು ಹೇಳಿ ಹೋದರು. ನಾನು ತಲೆಯಾಡಿಸಿದೆ.

ಅವರು ಲಿಫ್ಟ್ ಇಳಿಯುವ ಮೊದಲೇ ಮುಚ್ಚಳ ತೆಗೆದೆ. ಒಂದು ಚಮಚ ನಾಲಿಗೆಗೆ ಹಾಕಿದೆ. ಹುಳಿ ಒಂದು ಕಡೆ, ಖಾರ ಒಂದು ಕಡೆ. ಕಿವಿ ಬಿಸಿಯಾಯಿತು. ಬೀಗರಾಗುವವರು ಏನೆಂದುಕೊಂಡಾರು ಎಂದು ಹೆದರಿದೆ. ಹನ್ನೊಂದು ವರ್ಷ ಭಾನುವಾರದ ಸಾರು ಉಂಡವಳು, ಶನಿವಾರದ ಸಾರು ಭಾನುವಾರಕ್ಕೆ ಏನಾಗುತ್ತದೆ ಎಂದು ಗೊತ್ತಿದ್ದವಳು, ಒಂದು ದಿನ ಕಾಯಲಾರದೆ ಹೋದೆ. ಅರ್ಧ ತೆಂಗಿನಕಾಯಿ ತುರಿದು, ನುಣ್ಣಗೆ ರುಬ್ಬಿ, ಚಟ್ಟಿಗೆ ಸುರಿದು, ಸೌಟು ಹಾಕಿ ಕಲಕಿ, ಮತ್ತೆ ಕುದಿಸಿ ಮುಚ್ಚಳ ಮುಚ್ಚಿದೆ. ಬೆಳಿಗ್ಗೆ ಅದನ್ನು ಸ್ಟೀಲಿನ ಪಾತ್ರೆಗೆ ಹಾಕಿ, ಮಾವ ಬರುವ ಮೊದಲೇ ಟೇಬಲ್ಲಿನ ಮೇಲೆ ಇಟ್ಟುಬಿಟ್ಟಿದ್ದೆ.

ಹುಡುಗನ ತಾಯಿ ಉಂಡು, ನಮ್ಮ ಬದಿಯ ಸಾರಿನ ಹಾಗೇ ಇದೆ ಎಂದು ಹೊಗಳಿದರು. ಮಾವ ಅದೇ ಹೊತ್ತಿಗೆ ಮೊದಲ ತುತ್ತು ಬಾಯಿಗಿಟ್ಟಿದ್ದರು. ಅವರ ಕೈ ತಟ್ಟೆಯ ಮೇಲೆ ನಿಂತಿತು. ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ಇದು ಇವಳೇ ಮಾಡಿದ್ದು. ನನಗೆ ಇಷ್ಟು ಚಂದ ಮಾಡ್ಲಿಕ್ಕೆ ಬರುದಿಲ್ಲ," ಎಂದರು.

ಉಳಿದ ಸಾರು ಸಂಜೆಗೆ ಹಳಸಿತು. ಕಾಯಿ ಹಾಕಿದ್ದಲ್ಲವೇ? ಮಾವ ಚಟ್ಟಿಯನ್ನು ತಾವೇ ತೊಳೆದು, ಚೀಲಕ್ಕೆ ಹಾಕಿಕೊಂಡು ಹೋದರು. ವಾರದ ನಂತರ ಜಾತಕ ಕೂಡಿಬರಲಿಲ್ಲವೆಂದು ಉಡುಪಿಯಿಂದ ಫೋನ್ ಬಂತು.

ಮುಂದಿನ ಶನಿವಾರ ಮಾವ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಫೋನ್ ಮಾಡಿದರೆ ಮಂಡಿನೋವು ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಾಯೆನಿಸಿತ್ತು. ಶನಿವಾರ ಅಡುಗೆಮನೆ ನನ್ನದಾಯಿತು, ಪರದೆಗಳಿಗೆ ಮೀನಿನ ವಾಸನೆ ಇಲ್ಲ. ಹೀಗೆಯೇ ಮೂರು ವರ್ಷ ಕಳೆಯಿತು. ಎರಡು ಗಲ್ಲಿ ದಾಟಿ ಹೋಗಿ ಒಂದು ಮಾತು ಹೇಳಲು ನನಗೆ ಮೂರು ವರ್ಷ ಪುರುಸೊತ್ತು ಸಿಗಲಿಲ್ಲ!

ಕೊನೆಗೆ ಹೋದದ್ದು ಮಗಳ ಮದುವೆಯ ಕಾಗದ ಕೊಡಲು. ಅವಳು ಐರೋಳಿಯ ಆಫೀಸಿನಲ್ಲಿ ತಾನೇ ಹುಡುಗನನ್ನು ಹುಡುಕಿಕೊಂಡಿದ್ದಳು. ಮಾವ ಚಹಾ ಮಾಡಿ ತಂದರು. ಕಪ್ಪಿನಲ್ಲಿದ್ದುದಕ್ಕಿಂತ ಹೆಚ್ಚು ಚಹಾ ಬಶಿಯಲ್ಲಿತ್ತು. ಕೈ ಹಾಗೆ ನಡುಗುತ್ತಿತ್ತು. ಕಿಟಕಿಯಲ್ಲಿ ಆ ಚಟ್ಟಿ ಇತ್ತು, ತಳಕ್ಕೆ ತೂತು ಕೊರೆದು ಕರಿಬೇವಿನ ಗಿಡ ನೆಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಮಾವ, ಅವತ್ತು ನಾನು ಕಾಯಿ ಹಾಕಿದ್ದು ತಪ್ಪಾಯ್ತು," ಎಂದೆ.

"ಕಾಯಿ ಹಾಕಿದ್ದಕ್ಕೆ ಎಂತದೂ ಇಲ್ಲ. ನಲವತ್ತು ವರ್ಷ ಜನ ಕೇಳಿದ್ದನ್ನೇ ಮಾಡಿ ಹಾಕಿದವ ನಾನು. ಒಬ್ಬನಿಗೆ ಖಾರ ಬೇಡ, ಒಬ್ಬನಿಗೆ ಶೇಂಗಾ ಬೇಕು, ಒಬ್ಬನಿಗೆ ಬೆಲ್ಲ. ನೀನು ಕೇಳಿದ್ರೆ ನಾನೇ ಅರೆದು ಕೊಡ್ತಿದ್ದೆ," ಎಂದರು. ಕಿಟಕಿಯ ಕಡೆ ತಿರುಗಿ, "ಶನಿವಾರದ ಅದೊಂದು ಚಟ್ಟಿ ಮಾತ್ರ ನನ್ನ ಬಾಯಿಗೆ ಅಂತ ಮಾಡ್ತಿದ್ದದ್ದು," ಎಂದರು.

ಶನಿವಾರ ಬನ್ನಿ ಎಂದು ಕರೆದೆ. ಎರಡೂ ಕೈಗಳನ್ನು ನನ್ನೆದುರು ಚಾಚಿ ತೋರಿಸಿದರು. ಈ ಕೈಯಲ್ಲಿ ಚಟ್ಟಿ ತಿರುಗಿಸಿದರೆ ಮೀನೆಲ್ಲ ನೆಲದ ಮೇಲೆ ಎಂದು ನಕ್ಕರು. ನಾನು ತಿರುಗಿಸುತ್ತೇನೆ, ನೀವು ಕೂತು ಹೇಳಿಕೊಡಿ ಎಂದು ಹಟ ಹಿಡಿದೆ.

ಮರುದಿನವೇ ಥಾಣೆಗೆ ಹೋಗಿ ಹೊಸ ಚಟ್ಟಿ ಕೊಂಡೆ. ಅಂಗಡಿಯವನು ಕೈಗೆ ಸಿಕ್ಕ ಕೆಂಪು ಬಟ್ಟೆ ಸುತ್ತಿಕೊಟ್ಟ. ಲೇಡೀಸ್ ಡಬ್ಬಿಯಲ್ಲಿ ನೂಕಿಸಿಕೊಂಡು ನಿಂತಿದ್ದಾಗ ಒಬ್ಬ ಹುಡುಗಿ ನನ್ನ ಕೈಯಲ್ಲಿದ್ದುದನ್ನು ನೋಡಿ ತಟ್ಟನೆ ಎದ್ದು ಸೀಟು ಕೊಟ್ಟಳು. ಪಕ್ಕದ ಹೆಂಗಸು ನನ್ನ ಮೊಣಕೈ ಮುಟ್ಟಿ, "ಕೋಣ್ ಹೋತಂ?" ಎಂದು ಕೇಳಿದಳು, ತೀರಿಕೊಂಡದ್ದು ಯಾರೆಂದು. ಎಷ್ಟು ಸಲ ಹೇಳಿ ನಗಿಸಿದ ಕಥೆ! ನನಗೆ ನಗು ಬರಲಿಲ್ಲ. ಇಡೀ ಡಬ್ಬಿಗೆ ಕೇಳುವ ಹಾಗೆ, "ಕೋಣೀ ನಾಹೀ, ಕೋಣೀ ನಾಹೀ! ಮಾಶಾಚಂ ಭಾಂಡಂ ಆಹೇ," ಎಂದು ಕೂಗಿಬಿಟ್ಟೆ. ಯಾರೂ ಅಲ್ಲ, ಮೀನಿನ ಪಾತ್ರೆ ಎಂದು ತೋರಿಸಲು ಬಟ್ಟೆಯನ್ನೂ ಬಿಚ್ಚಿದೆ. ಆ ಹುಡುಗಿ ಸೀಟು ಮಾತ್ರ ವಾಪಸ್ ಕೇಳಲಿಲ್ಲ.

ಶನಿವಾರ ಮಾವ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಹುಣಸೆ ಹಿಂಡಿದ್ದು ನಾನು, ಬೈದದ್ದು ಅವರು. ಚಟ್ಟಿ ತಿರುಗಿಸುವಾಗ ಎದ್ದು ಬಂದು ನನ್ನ ಕೈಗಳ ಮೇಲೆ ತಮ್ಮ ಕೈಯಿಟ್ಟರು. ಆ ನಡುಕ ನನ್ನ ಕೈಗೂ ಬಂತು. ಎರಡು ತುಂಡು ಒಡೆದವು. ಅವರು ಅದನ್ನು ನೋಡಿಯೂ ನೋಡದಂತೆ ಇದ್ದರು. ಮುಚ್ಚಳ ಮುಚ್ಚಿ ಎಲ್ಲರೂ ಮೊಸರನ್ನ ಉಂಡೆವು.

ಭಾನುವಾರ ಬಡಿಸಿದೆ. ಅವರು ಉಣ್ಣುವುದನ್ನೇ ನೋಡುತ್ತ ಕೂತೆ. ಅನ್ನ ಕಲಸಿದರು, ಉಂಡರು, ಇನ್ನೊಮ್ಮೆ ಹಾಕಿಸಿಕೊಂಡರು. ತಡೆಯಲಾಗದೆ ಕೇಳಿದೆ, "ಹೇಗಾಗಿದೆ ಮಾವ?"

ಬೆರಳು ನೆಕ್ಕಿ, ಚಟ್ಟಿಯ ಕಡೆ ನೋಡಿ, "ನಾಳೆ ಕೇಳು," ಎಂದರು.

ನಾಳೆ ಸೋಮವಾರ. ಅರ್ಧ ಚಟ್ಟಿ ಸಾರು ಉಳಿದಿತ್ತು. ನಾನು ಅದಕ್ಕೆ ಮುಚ್ಚಳ ಮುಚ್ಚಿ, ಒಲೆಯ ಪಕ್ಕದಲ್ಲೇ ಇಟ್ಟು, ಮಾವನಿಗೆ ಹಾಲ್‌ನಲ್ಲಿ ಹಾಸಿಗೆ ಹಾಸಿದೆ.